ಬೈಯಾಕರೆ ಬರ್ರಿ ಅಂದ ಕ್ಯಾಪ್ಟನ್

ನಮ್ಮೂರ ಜಾತ್ರೆಯ ಹ್ಯಾಂಡ್‌ಬಿಲ್‌ನಲ್ಲಿ ಪಲ್ಲಕ್ಕಿ, ಭಜನೆ, ನಾಟಕದ ವಿವರ ಮುಗಿದ ಮೇಲೆ ಕೆಳಗೆ ದಪ್ಪ ಅಕ್ಷರದಲ್ಲಿ ಒಂದು ಸಾಲು ಇರುತ್ತದೆ: ‘ಆಹ್ವಾನಿತ ತಂಡಗಳ ಕಬಡ್ಡಿ ಪಂದ್ಯಾವಳಿ’. ಅದರ ಕೆಳಗೆ ಬಹುಮಾನ ಕೊಟ್ಟವರ ಹೆಸರು. ಕೊನೆಯಲ್ಲಿ, ‘ಬಂದ ತಂಡಗಳಿಗೆ ಊಟ, ವಸತಿ ವ್ಯವಸ್ಥೆ ಇದೆ’.

ಆಹ್ವಾನಿತ ಅಂದರೆ ಏನು ಅಂತ ಸಣ್ಣವನಿದ್ದಾಗ ಅಪ್ಪನನ್ನು ಕೇಳಿದ್ದೆ. ಅಪ್ಪ ಪಂದ್ಯಾವಳಿ ಕಮಿಟಿಯಲ್ಲಿದ್ದ. ‘ನಾವ ಕರದೇವಿ ಅಂತ. ಎಲ್ಲೋ ಗೆದ್ದು ಬಂದವ್ರಲ್ಲ. ನಮ್ಮ ಹುಡುಗ್ರಿಗೆ ಆಡಾಕ ಎದುರಿಗೆ ಯಾರರೆ ಬೇಕಲ್ಲ, ಅದಕ್ಕ ಕರದೇವಿ’ ಅಂದಿದ್ದ.

ನಮ್ಮೂರು ಬೈಲಹೊಂಗಲ ತಾಲೂಕಿನ ಒಂದು ಹಳ್ಳಿ. ಅಪ್ಪ ಅವತ್ತು ಹೇಳಿದ ಮಾತು ನನಗೆ ಪೂರ್ತಿ ತಿಳಿದದ್ದು 2018ರ ಜೂನ್ ತಿಂಗಳಲ್ಲಿ. ಅದೂ ಮುಂಬೈನಲ್ಲಿ ನಡೆದ ಒಂದು ಫುಟ್‌ಬಾಲ್ ಪಂದ್ಯಾವಳಿಯಿಂದ. ಆ ಪಂದ್ಯಾವಳಿಗೆ ನಾನು ಹೋಗಿರಲಿಲ್ಲ. ಹೋಗದೇ ಇದ್ದದ್ದೇ ಈ ಬರಹದ ವಿಷಯ.

ದೇಶಗಳೂ ನಮ್ಮೂರ ಕಮಿಟಿಯ ಹಾಗೇ ಮಾಡುತ್ತವೆ. ಫುಟ್‌ಬಾಲ್‌ನಲ್ಲಿ ವಿಶ್ವಕಪ್ ಆಡಬೇಕು, ಏಷ್ಯಾ ಕಪ್ ಆಡಬೇಕು ಎಂದರೆ ಮೊದಲು ಅರ್ಹತಾ ಪಂದ್ಯ ಗೆದ್ದು ಬರಬೇಕು. ಆಹ್ವಾನಿತ ಪಂದ್ಯಾವಳಿಗೆ ಹಾಗಿಲ್ಲ. ಒಂದು ದೇಶ ತನ್ನ ಮನೆಯಂಗಳದಲ್ಲಿ ಚಪ್ಪರ ಹಾಕಿ, ಮೂರೋ ಐದೋ ಬೇರೆ ದೇಶದ ತಂಡಗಳನ್ನು ಕರೆದು ಆಡಿಸುತ್ತದೆ. ಮಲಯಾ ದೇಶ 1957ರಲ್ಲಿ ಸ್ವತಂತ್ರವಾದಾಗ ಮೆರ್ಡೆಕಾ ಪಂದ್ಯಾವಳಿ ಶುರುವಾಯಿತು. ಮೆರ್ಡೆಕಾ ಅಂದರೆ ಅವರ ಭಾಷೆಯಲ್ಲಿ ಸ್ವಾತಂತ್ರ್ಯ. ಥಾಯ್ಲೆಂಡ್ 1968ರಿಂದ ಕಿಂಗ್ಸ್ ಕಪ್ ನಡೆಸುತ್ತಿದೆ.

ನಮ್ಮ ದೇಶವೂ 1982ರಲ್ಲಿ ಕೋಲ್ಕತ್ತಾದಲ್ಲಿ ನೆಹರೂ ಕಪ್ ಶುರು ಮಾಡಿತು. ಮೊದಲ ವರ್ಷ ಉರುಗ್ವೆ ಗೆದ್ದಿತು. 1984ರಲ್ಲಿ ಅರ್ಜೆಂಟೀನಾ ಬಂತು. ಎರಡೇ ವರ್ಷದಲ್ಲಿ ವಿಶ್ವಕಪ್ ಗೆಲ್ಲಲಿದ್ದ ದೇಶ ಅದು. ಅವರ ಎದುರು ಭಾರತ ಸೋತದ್ದು ಬರೀ 0-1ರಿಂದ. ಸೋವಿಯತ್ ಒಕ್ಕೂಟ ನಾಲ್ಕು ಸಲ ಕಪ್ ಒಯ್ದಿತು. 1997ರವರೆಗೆ ಕರೆದವರು ನಾವು, ಗೆದ್ದವರು ಬೇರೆಯವರು. ಆಮೇಲೆ ಹತ್ತು ವರ್ಷ ಪಂದ್ಯಾವಳಿಯೇ ನಡೆಯಲಿಲ್ಲ. 2007ರಲ್ಲಿ ಮತ್ತೆ ಶುರುವಾದಾಗ ಭಾರತ ಗೆದ್ದಿತು. 2009ರಲ್ಲೂ ಗೆದ್ದಿತು, 2012ರಲ್ಲೂ ಗೆದ್ದಿತು. ಅಲ್ಲಿಗೆ ನೆಹರೂ ಕಪ್ ನಿಂತುಹೋಯಿತು.

ಆಡದೇ ಕೂತ ತಂಡ ಏನಾಗುತ್ತದೆ? 2015ರ ಮಾರ್ಚ್‌ನಲ್ಲಿ ಜಗತ್ತಿನ ಪಟ್ಟಿಯಲ್ಲಿ ಭಾರತ 173ನೇ ಸ್ಥಾನದಲ್ಲಿತ್ತು. ಅಲ್ಲಿಂದ ಮೆಲ್ಲಗೆ ಮೇಲೆ ಬಂದು 2017ರಲ್ಲಿ 100ರ ಒಳಗೆ ಸೇರಿತು. 2019ರ ಜನವರಿಯಲ್ಲಿ ಯುಎಇಯಲ್ಲಿ ನಡೆಯಬೇಕಿದ್ದ ಏಷ್ಯಾ ಕಪ್‌ಗೂ ಅರ್ಹತೆ ಪಡೆಯಿತು. ಅಷ್ಟು ದೊಡ್ಡ ಪಂದ್ಯಾವಳಿಗೆ ಹೋಗುವ ಮುಂಚೆ ಕೈಕಾಲು ಪಳಗಬೇಕಲ್ಲ? ಎದುರಿಗೆ ಯಾರಾದರೂ ಬೇಕಲ್ಲ? ಅದಕ್ಕೇ ಮೂರು ಖಂಡಗಳಿಂದ ಮೂರು ತಂಡ ಕರೆದರು. ಏಷ್ಯಾದಿಂದ ಚೈನೀಸ್ ತೈಪೆ (ತೈವಾನ್ ದ್ವೀಪದ ತಂಡ ಆಡುವುದು ಈ ಹೆಸರಲ್ಲಿ), ಆಫ್ರಿಕಾದಿಂದ ಕೀನ್ಯಾ, ಓಷಿಯಾನಿಯಾದಿಂದ ನ್ಯೂಜಿಲೆಂಡ್. ಪಂದ್ಯಾವಳಿಯ ಹೆಸರು ಇಂಟರ್‌ಕಾಂಟಿನೆಂಟಲ್ ಕಪ್. ಜಾಗ ಮುಂಬೈನ ಅಂಧೇರಿಯ ಮೈದಾನ.

ನಾನು ಆಗ ಧಾರವಾಡದಲ್ಲಿ ಪತ್ರಿಕೋದ್ಯಮ ಓದು ಮುಗಿಸಿ, ಹುಬ್ಬಳ್ಳಿಯಲ್ಲಿ ಒಂದು ಪತ್ರಿಕೆಯ ಡೆಸ್ಕಿನಲ್ಲಿ ಟ್ರೇನಿ ಆಗಿದ್ದೆ. ಕ್ರೀಡಾಪುಟ ಕಟ್ಟುವ ಕೆಲಸದಲ್ಲಿ ಸೀನಿಯರ್ ಒಬ್ಬರ ಕೈಕೆಳಗೆ ಇದ್ದೆ.

ಜೂನ್ 1, ಶುಕ್ರವಾರ ರಾತ್ರಿ. ಪುಟ ಹೆಚ್ಚುಕಡಿಮೆ ತುಂಬಿತ್ತು. ವಿಶ್ವಕಪ್‌ಗೆ ಇನ್ನು ಎರಡು ವಾರ ಇಲ್ಲ; ಮೇಲೆ ಮೆಸ್ಸಿಯ ದೊಡ್ಡ ಫೋಟೊ ಇಟ್ಟಿದ್ದೆ. ಹೊತ್ತು ಕಳೆದ ಮೇಲೆ ಏಜೆನ್ಸಿಯಿಂದ ಸುದ್ದಿ ಬಂತು: ಭಾರತ 5, ಚೈನೀಸ್ ತೈಪೆ 0. ಕ್ಯಾಪ್ಟನ್ ಸುನಿಲ್ ಛೆಟ್ರಿ ಮೂರು ಗೋಲು, ಉದಾಂತ ಸಿಂಗ್ ಒಂದು, ಪ್ರಣಯ್ ಹಲ್ದರ್ ಒಂದು.

ಛೆಟ್ರಿ ನಮಗೆ ಹೊರಗಿನವರಲ್ಲ. 2013ರಿಂದ ಬೆಂಗಳೂರು ಎಫ್‌ಸಿ ಪರವಾಗಿ ಆಡುತ್ತಿದ್ದವರು. ಉದಾಂತ ಕೂಡ ಆಗ ಅದೇ ತಂಡದವರು. ನಮ್ಮ ರಾಜ್ಯದ ರಾಜಧಾನಿಯ ಕಂಠೀರವ ಕ್ರೀಡಾಂಗಣದಲ್ಲಿ ವಾರಗಟ್ಟಲೆ ಆಡುವ ಆಟಗಾರ ದೇಶಕ್ಕಾಗಿ ಮೂರು ಗೋಲು ಹೊಡೆದಿದ್ದಾನೆ. ಆದರೂ ಮೆಸ್ಸಿಯ ಫೋಟೊ ಸಣ್ಣದು ಮಾಡುವ ಮನಸ್ಸು ನನಗೆ ಬರಲಿಲ್ಲ. ಭಾರತದ ಸುದ್ದಿಯನ್ನು ಕತ್ತರಿಸಿ ಕತ್ತರಿಸಿ ಒಂದು ಕಾಲಂನ ನಾಲ್ಕು ಸಾಲು ಮಾಡಿ ಪುಟದ ಕೆಳಮೂಲೆಯಲ್ಲಿ ಸೇರಿಸಿದೆ. ಸೀನಿಯರ್ ಹೇಳಿ ಮಾಡಿಸಿದ್ದಲ್ಲ. ನಾನೇ ಮಾಡಿದ್ದು. ಯಾರು ಓದುತ್ತಾರೆ ಅಂದುಕೊಂಡೆ.

ಆ ಪಂದ್ಯ ನೋಡಲು ಬಂದವರ ಲೆಕ್ಕ ಆಮೇಲೆ ಗೊತ್ತಾಯಿತು: 2,569 ಮಂದಿ. ಮುಂಬೈಯಂಥ ಊರಲ್ಲಿ, ದೇಶದ ತಂಡ ಆಡುವಾಗ, 2,569. ನಮ್ಮ ಜಾತ್ರೆಯಲ್ಲಿ ಕಬಡ್ಡಿ ಫೈನಲ್ಲಿಗೂ ಇದಕ್ಕಿಂತ ಬಹಳ ಕಡಿಮೆ ಇರುವುದಿಲ್ಲ.

ಮರುದಿನ ಮಧ್ಯಾಹ್ನದ ಮೇಲೆ ಒಂದು ವಿಡಿಯೊ ಮೊಬೈಲಿಂದ ಮೊಬೈಲಿಗೆ ಓಡಾಡತೊಡಗಿತು. ಛೆಟ್ರಿ ಕ್ಯಾಮೆರಾ ಎದುರು ನಿಂತು ಮಾತಾಡಿದ್ದರು. ಅವರು ಹೇಳಿದ್ದರ ಸಾರ ಇಷ್ಟು: ಯುರೋಪಿನ ದೊಡ್ಡ ಕ್ಲಬ್‌ಗಳ ಆಟ ನೋಡಿ ಅವರ ಬೆನ್ನಿಗೆ ನಿಲ್ಲುವ ನಿಮಗೆ ನಮ್ಮ ಆಟ ಆ ಮಟ್ಟಕ್ಕಿಲ್ಲ ಅನ್ನಿಸುತ್ತದೆ. ಒಪ್ಪುತ್ತೇನೆ, ಆ ಮಟ್ಟದ ಹತ್ತಿರವೂ ಇಲ್ಲ. ಆದರೂ ಕ್ರೀಡಾಂಗಣಕ್ಕೆ ಬನ್ನಿ. ನಮ್ಮನ್ನು ಟೀಕೆ ಮಾಡಿ, ಬೈಯಿರಿ, ಚೀರಾಡಿ. ಆದರೆ ಇಂಟರ್‌ನೆಟ್‌ನಲ್ಲಿ ಕೂತು ಬೈಯುವುದರಲ್ಲಿ ಏನಿದೆ, ಮೈದಾನಕ್ಕೆ ಬಂದು ಮುಖದ ಎದುರಿಗೇ ಬೈಯಿರಿ. ಯಾರಿಗೆ ಗೊತ್ತು, ಮುಂದೊಂದು ದಿನ ನೀವೇ ನಮ್ಮ ಪರವಾಗಿ ಕೂಗಬಹುದು.

ಒಬ್ಬ ದೇಶದ ಕ್ಯಾಪ್ಟನ್, ಹಿಂದಿನ ರಾತ್ರಿ ಮೂರು ಗೋಲು ಹೊಡೆದವರು, ಕೈ ಮುಗಿಯದಿದ್ದರೂ ಕೈ ಮುಗಿದ ಹಾಗೆ ಕೇಳುತ್ತಿದ್ದರು. ಅವರು ಕೇಳಿದ್ದು ದುಡ್ಡಲ್ಲ, ಚಪ್ಪಾಳೆಯೂ ಅಲ್ಲ. ಬೈಯೋಕಾದರೂ ಬನ್ನಿ ಅಂತ.

ಸಚಿನ್ ತೆಂಡೂಲ್ಕರ್, ವಿರಾಟ್ ಕೊಹ್ಲಿ ಇಬ್ಬರೂ ಬೆಂಬಲ ಕೊಟ್ಟು, ಹೋಗಿ ನೋಡಿ ಎಂದು ಜನರಿಗೆ ಹೇಳಿದರು. ಡೆಸ್ಕಿನಲ್ಲಿ ನಮಗೂ ಹುರುಪು ಬಂತು. ಸೀನಿಯರ್ ನನಗೆ ‘ಇದರ ಮ್ಯಾಲ ಒಂದು ಟಿಪ್ಪಣಿ ಬರಿ’ ಎಂದರು. ಬರೆದೆ. ದೇಶಕ್ಕಾಗಿ ಆಡುವವರನ್ನು ಖಾಲಿ ಕುರ್ಚಿಗಳ ಮುಂದೆ ಆಡಿಸುವ ನಾವು ಎಂಥ ಜನ ಅಂತ ದೊಡ್ಡ ದೊಡ್ಡ ಮಾತು ಬರೆದೆ. ಹಿಂದಿನ ರಾತ್ರಿ ನಾಲ್ಕು ಸಾಲಿಗೆ ಕತ್ತರಿಸಿದ ಕೈಯೇ ಅದನ್ನು ಬರೆಯಿತು. ಅದರ ಬಗ್ಗೆ ನನಗೆ ನಾಚಿಕೆಯೂ ಆಗಲಿಲ್ಲ.

ಸೋಮವಾರ ನನ್ನ ವಾರದ ರಜೆ. ಪೇಪರ್ ಹಿಡಿದುಕೊಂಡು ಊರಿಗೆ ಹೋದೆ. ಕಟ್ಟೆಯ ಮೇಲೆ ಕೂತು ಅಪ್ಪನಿಗೆ, ಅವ್ವನಿಗೆ ಓದಿ ಹೇಳಿದೆ. ಅವ್ವ ಅಕ್ಕಿ ಆರಿಸುತ್ತ ಕೇಳಿದಳು. ‘ಅಲ್ಲೋ, ಬೈಯಾಕರೆ ಬರ್ರಿ ಅಂದಾನಲ್ಲ ಪಾಪ, ಎಷ್ಟು ಬ್ಯಾಸರಾಗಿತ್ತೋ ಏನೋ’ ಎಂದಳು.

ತಂಗಿ ಬಾಗಿಲ ಹತ್ತಿರ ನಿಂತಿದ್ದಳು. ಆಗ ಒಂಬತ್ತನೇ ಕ್ಲಾಸು. ಅವರ ಹೈಸ್ಕೂಲಿನ ಪಿ.ಟಿ. ಸರ್ ಫುಟ್‌ಬಾಲ್ ಹುಚ್ಚಿನವರು. ಹುಡುಗಿಯರ ಒಂದು ಟೀಮು ಕಟ್ಟಿದ್ದರು. ಎರಡು ಕಡೆ ಕಲ್ಲು ಇಟ್ಟು ಗೋಲು. ಬೂಟು ಇಲ್ಲ, ಕ್ಯಾನ್ವಾಸ್ ಶೂ. ಇವಳು ಹಿಂದೆ ನಿಂತು ಚೆಂಡು ತಡೆಯುವ ಜಾಗದಲ್ಲಿ ಆಡುತ್ತಿದ್ದಳು. ಇದೆಲ್ಲ ನನಗೆ ಗೊತ್ತಿತ್ತು, ಫೋನಿನಲ್ಲಿ ಅವಳೇ ಹೇಳುತ್ತಿದ್ದಳು. ನಾನು ಹೂಂ ಹೂಂ ಅನ್ನುತ್ತಿದ್ದೆ.

ನಾನು ಓದಿ ಮುಗಿಸಿದ ಮೇಲೆ ಅವಳು ಕೇಳಿದಳು: ‘ಅಣ್ಣಾ, ನೀ ನನ್ನ ಮ್ಯಾಚ್ ಒಂದರೆ ನೋಡೀಯೇನು?’

ಸಿಟ್ಟಿನಿಂದ ಕೇಳಿದ್ದಲ್ಲ. ಚಹಾ ಕುಡಿದೀಯೇನು ಅಂತ ಕೇಳಿದಷ್ಟೇ ಸಾದಾ ಕೇಳಿದಳು. ಹಿಂದಿನ ವರ್ಷ ತಾಲೂಕಾ ಮಟ್ಟದಲ್ಲಿ ಎರಡು ಮ್ಯಾಚ್ ಆಡಿದ್ದಳು. ಒಂದು ಮ್ಯಾಚಿನ ದಿನ ನಾನು ಊರಲ್ಲೇ ಇದ್ದೆ. ಮಧ್ಯಾಹ್ನ ಮಲಗಿದ್ದೆ.

ಪೇಪರ್ ಮಡಚಿ ಇಟ್ಟೆ. ಉತ್ತರ ಕೊಡಲಿಲ್ಲ.

ಆ ರಾತ್ರಿ ಎಂಟಕ್ಕೆ ಭಾರತ, ಕೀನ್ಯಾ ಪಂದ್ಯ ಇತ್ತು. ಛೆಟ್ರಿಗೆ ದೇಶದ ಪರ ಅದು 100ನೇ ಪಂದ್ಯ. ಅವರಿಗಿಂತ ಮೊದಲು ನೂರು ಪಂದ್ಯ ಆಡಿದ ಭಾರತೀಯ ಎಂದರೆ ಬೈಚುಂಗ್ ಭುಟಿಯಾ ಒಬ್ಬರೇ. ಟಿವಿ ಹಚ್ಚಿದೆವು, ಕರೆಂಟ್ ಹೋಯಿತು. ಮೊಬೈಲನ್ನು ಗೋಡೆಯ ಗೂಡಿನಲ್ಲಿ ಒರಗಿಸಿಟ್ಟು ನಾನು, ತಂಗಿ ಕೂತು ನೋಡಿದೆವು. ಮುಂಬೈನಲ್ಲೂ ಮಳೆ. ಮೈದಾನದಲ್ಲಿ ನೀರು ನಿಂತು ಚೆಂಡು ಉರುಳುತ್ತಲೇ ಇರಲಿಲ್ಲ. ನಡುವೆ ಎಲ್ಲೋ ಸಿಕ್ಕಿಕೊಂಡು ನಿಂತುಬಿಡುತ್ತಿತ್ತು. ನಾಟಿ ಗದ್ದೆಯಲ್ಲಿ ಆಡಿದ ಹಾಗೆ.

ಆದರೆ ಗ್ಯಾಲರಿ ತುಂಬಿತ್ತು. ಟಿಕೆಟ್ ಎಲ್ಲ ಮಾರಾಟವಾಗಿದ್ದವು. ಎರಡೇ ದಿನದಲ್ಲಿ. ಜನ ಮಳೆಯಲ್ಲಿ ತೊಯ್ದುಕೊಂಡು ನಿಂತು ಕೂಗುತ್ತಿದ್ದರು.

ತಂಗಿ ಆಟ ನೋಡುತ್ತಿರಲಿಲ್ಲ, ಜನರನ್ನು ನೋಡುತ್ತಿದ್ದಳು. ‘ಇಷ್ಟ ಮಂದಿ ಬಂದ್ರ ಅವ್ರಿಗೆ ಕಾಲು ನಡಗುದಿಲ್ಲೇನ?’ ಎಂದು ಕೇಳಿದಳು.

ಮೊದಲ ಅರ್ಧದಲ್ಲಿ ಗೋಲು ಇಲ್ಲ. 68ನೇ ನಿಮಿಷದಲ್ಲಿ ಭಾರತಕ್ಕೆ ಪೆನಾಲ್ಟಿ ಸಿಕ್ಕಿತು, ಛೆಟ್ರಿ ಹೊಡೆದರು. ಮೂರು ನಿಮಿಷದಲ್ಲಿ ಜೆಜೆ ಇನ್ನೊಂದು. ಆಟ ಮುಗಿಯುವ ಹೊತ್ತಿಗೆ ಛೆಟ್ರಿ ಮತ್ತೊಂದು. 3-0. ಮೊಬೈಲಿನ ಚಾರ್ಜು ಅಷ್ಟೊತ್ತಿಗೆ ಕೆಂಪಾಗಿತ್ತು.

ಮೂರನೇ ಪಂದ್ಯದಲ್ಲಿ ನ್ಯೂಜಿಲೆಂಡ್ ಎದುರು ಭಾರತ 1-2ರಿಂದ ಸೋತಿತು. ಅಲ್ಲಿ ಒಂದು ಲೆಕ್ಕ ಬಂತು. ಭಾರತ, ಕೀನ್ಯಾ, ನ್ಯೂಜಿಲೆಂಡ್ ಮೂವರೂ ಎರಡೆರಡು ಗೆದ್ದು, ಒಂದೊಂದು ಸೋತು ಆರಾರು ಅಂಕ. ಚೈನೀಸ್ ತೈಪೆ ಮೂರೂ ಸೋತಿತ್ತು. ಮೂವರಲ್ಲಿ ಫೈನಲ್ಲಿಗೆ ಇಬ್ಬರು ಯಾರು? ಆಗ ನೋಡುವುದು ಹೊಡೆದ ಗೋಲು, ಬಿಟ್ಟುಕೊಟ್ಟ ಗೋಲುಗಳ ನಡುವಿನ ವ್ಯತ್ಯಾಸ. ಭಾರತ ಒಂಬತ್ತು ಹೊಡೆದು ಎರಡು ಬಿಟ್ಟುಕೊಟ್ಟಿತ್ತು, ಏಳು ಹೆಚ್ಚು. ಕೀನ್ಯಾಗೆ ಎರಡು ಹೆಚ್ಚು. ನ್ಯೂಜಿಲೆಂಡ್‌ಗೆ ಒಂದು ಹೆಚ್ಚು. ನ್ಯೂಜಿಲೆಂಡ್ ಹೊರಗೆ ಹೋಯಿತು.

ಭಾರತದ ಒಂಬತ್ತರಲ್ಲಿ ಐದು ಗೋಲು ಆ ಖಾಲಿ ಮೈದಾನದಲ್ಲಿ ಬಂದವು. ಯಾರೂ ನೋಡದಿದ್ದಾಗ ಹೊಡೆದ ಗೋಲೂ ಲೆಕ್ಕಕ್ಕೆ ಬಂದೇ ಬರುತ್ತದೆ. ನಾನು ನಾಲ್ಕು ಸಾಲಿಗೆ ಇಳಿಸಿದ ಐದು ಗೋಲು ಅವೇ.

ಜೂನ್ 10ರ ಫೈನಲ್ಲಿನಲ್ಲಿ ಮತ್ತೆ ಕೀನ್ಯಾ. ಎಂಟನೇ ನಿಮಿಷದಲ್ಲಿ ಅನಿರುದ್ಧ್ ಥಾಪಾ ಹೊಡೆದ ಫ್ರೀಕಿಕ್‌ಗೆ ಕಾಲು ಕೊಟ್ಟು ಛೆಟ್ರಿ ಒಂದು ಗೋಲು ಮಾಡಿದರು. 29ನೇ ನಿಮಿಷದಲ್ಲಿ ಹಿಂದಿನಿಂದ ಅನಸ್ ಎಡತೊಡಿಕ ಎತ್ತಿ ಕಳಿಸಿದ ಉದ್ದನೆಯ ಚೆಂಡನ್ನು ಎದೆಯಲ್ಲಿ ಇಳಿಸಿಕೊಂಡು ಎರಡನೆಯದು. 2-0. ಕಪ್ ನಮ್ಮದು. ನಾಲ್ಕು ಪಂದ್ಯದಲ್ಲಿ ಛೆಟ್ರಿಯ ಎಂಟು ಗೋಲು. ದೇಶದ ಪರ ಒಟ್ಟು 64. ಆವತ್ತಿಗೆ ಮೆಸ್ಸಿ ಅರ್ಜೆಂಟೀನಾ ಪರ ಹೊಡೆದದ್ದೂ 64. ಎದುರಾಳಿಗಳ ಬಲ ಬೇರೆ, ಅದು ಛೆಟ್ರಿಗೂ ಗೊತ್ತಿತ್ತು, ಹೋಲಿಸಬೇಡಿ ಎಂದು ಅವರೇ ಹೇಳುತ್ತ ಬಂದಿದ್ದಾರೆ. ಆದರೂ ಒಂಬತ್ತು ದಿನದ ಹಿಂದೆ ನನ್ನ ಪುಟದಲ್ಲಿ ಮೇಲಿದ್ದ ದೊಡ್ಡ ಫೋಟೊ ಮತ್ತು ಕೆಳಮೂಲೆಯ ನಾಲ್ಕು ಸಾಲು ನೆನಪಾದವು.

ಆ ವರ್ಷ ಆಗಸ್ಟಿನಲ್ಲಿ ತಂಗಿಯ ತಾಲೂಕಾ ಮಟ್ಟದ ಪಂದ್ಯ ಇತ್ತು. ರಜೆ ಹಾಕಿ ಹೋದೆ. ಹೇಳದೇ ಹೋದೆ. ಹುಡುಗಿಯರ ಫುಟ್‌ಬಾಲ್‌ಗೆ ಇಡೀ ತಾಲೂಕಿನಿಂದ ಬಂದದ್ದು ಮೂರು ಶಾಲೆ. ಪಕ್ಕದಲ್ಲಿ ಹುಡುಗರ ಕಬಡ್ಡಿಗೆ ಜನ ಮುತ್ತಿದ್ದರು. ಇತ್ತ ಕಡೆ ನಾನು ಎಣಿಸಿದೆ: ಹತ್ತೊಂಬತ್ತು ಮಂದಿ. ಅದರಲ್ಲಿ ಟೆಂಪೊ ಡ್ರೈವರ್ ಒಬ್ಬ, ಶೇಂಗಾ ಮಾರುವವರು ಇಬ್ಬರು.

ತಂಗಿ ನನ್ನನ್ನು ನೋಡಿದಳು. ಅದಾದ ಐದು ನಿಮಿಷದಲ್ಲಿ ಸುಮ್ಮನೆ ಬಂದ ಒಂದು ಚೆಂಡು ಅವಳ ಎರಡು ಕಾಲಿನ ನಡುವಿನಿಂದ ಹಾದು ಹೋಗಿ ಗೋಲಾಯಿತು. ಅದೊಂದೇ ಗೋಲು. ಸೋತರು.

ಟೆಂಪೊ ಹತ್ತುವ ಮುಂಚೆ ನನ್ನ ಹತ್ತಿರ ಬಂದಳು. ಅಳಬಹುದು ಅಂದುಕೊಂಡಿದ್ದೆ. ‘ನೀ ಬಂದಿ ಅಂತ ಕಾಲು ನಡಗಿದ್ವು. ಇನ್ನೊಮ್ಮೆ ಬಂದ್ರ ಕಾಣದಂಗ ನಿಂದರು’ ಎಂದಳು.

ಇನ್ನೊಮ್ಮೆ ಬಾ ಅನ್ನುವುದು ಆ ಮಾತಿನ ಒಳಗೇ ಇತ್ತು.

2019ರಲ್ಲಿ ನಮ್ಮ ಕಡೆ ಮಹಾಪೂರ ಬಂತು. ಮಲಪ್ರಭಾ ಉಕ್ಕಿ ಎಷ್ಟೋ ಹಳ್ಳಿ ಮುಳುಗಿದವು. ನೀರು ಇಳಿದ ಮೇಲೆ ತಡವಾಗಿ ಕ್ರೀಡಾಕೂಟ ನಡೆಯಿತು. ಆ ಸಲ ಅವ್ವನನ್ನೂ ಕರೆದುಕೊಂಡು ಹೋದೆ. ಟೀಮಿನ ಇನ್ನಿಬ್ಬರು ಹುಡುಗಿಯರ ಅವ್ವಂದಿರೂ ಬಂದರು. ನಾನು ಬೇವಿನ ಮರದ ಹಿಂದೆ ನಿಂತಿದ್ದೆ. ಅವ್ವ ಗೆರೆಯ ಹತ್ತಿರವೇ ಕೂತಿದ್ದಳು. ಎದುರು ತಂಡದ ಹುಡುಗಿಯೊಬ್ಬಳು ತಂಗಿಯನ್ನು ತಳ್ಳಿದಾಗ ರೆಫ್ರಿ ಸೀಟಿ ಊದಲಿಲ್ಲ. ಅವ್ವ ಎದ್ದು ನಿಂತು ರೆಫ್ರಿಗೆ ಬೈದ ಬೈಗುಳ ನಾನು ಇಲ್ಲಿ ಬರೆಯುವಂತಿಲ್ಲ. ಕ್ಯಾಪ್ಟನ್ ಹೇಳಿದ್ದನ್ನು ಒಂದು ಅಕ್ಷರ ಬಿಡದೆ ಪಾಲಿಸಿದವಳು ಅವಳೇ.

ಅವತ್ತು ಗೆದ್ದರು. ಜಿಲ್ಲಾ ಮಟ್ಟಕ್ಕೆ ಬೆಳಗಾವಿಗೆ ಹೋಗಿ ಮೊದಲ ಪಂದ್ಯದಲ್ಲೇ ಸೋತು ಬಂದರು. ಬರುವಾಗ ಕುಂದಾ ತಂದಿದ್ದಳು.

ಆಮೇಲೆ ಕೊರೊನಾ ಬಂತು. ಶಾಲೆ ಮುಚ್ಚಿತು. ಪಿ.ಟಿ. ಸರ್‌ಗೆ ವರ್ಗವಾಯಿತು. ಪಿಯುಸಿಗೆ ಹೋದ ಕಾಲೇಜಿನಲ್ಲಿ ಹುಡುಗಿಯರ ಟೀಮು ಇರಲಿಲ್ಲ. ಆಟ ನಿಂತಿತು. ಯಾರೂ ಬೇಡ ಅನ್ನಲಿಲ್ಲ. ನಮ್ಮ ಹಳ್ಳಿಗಳಲ್ಲಿ ಹುಡುಗಿಯರ ಆಟ ನಿಲ್ಲುವುದು ಹೆಚ್ಚಾಗಿ ಹೀಗೇ. ಕೇಳುವವರು ಇಲ್ಲದಿದ್ದರೆ ತಾನಾಗೇ ನಿಲ್ಲುತ್ತದೆ.

2023ರ ಬೇಸಿಗೆ ಮುಗಿಯುವಾಗ ಇಂಟರ್‌ಕಾಂಟಿನೆಂಟಲ್ ಕಪ್ ಮತ್ತೆ ನಡೆಯಿತು, ಈ ಸಲ ಒಡಿಶಾದ ಭುವನೇಶ್ವರದಲ್ಲಿ. ಲೆಬನಾನ್, ಮಂಗೋಲಿಯಾ, ಪೆಸಿಫಿಕ್ ಸಮುದ್ರದ ಸಣ್ಣ ದ್ವೀಪದೇಶ ವನುವಾಟು ಬಂದಿದ್ದವು. ಜೂನ್ 18ರ ಫೈನಲ್ಲಿನಲ್ಲಿ ಭಾರತ ಲೆಬನಾನನ್ನು 2-0ರಿಂದ ಸೋಲಿಸಿತು. ಛೆಟ್ರಿ ಒಂದು, ಛಾಂಗ್ಟೆ ಒಂದು ಗೋಲು. ಆ ತಿಂಗಳ ಮೊದಲಲ್ಲೇ ಅದೇ ರಾಜ್ಯದ ಬಾಲಸೋರ್‌ನಲ್ಲಿ ಭೀಕರ ರೈಲು ಅಪಘಾತ ಆಗಿತ್ತು. ಒಡಿಶಾ ಸರ್ಕಾರ ಕೊಟ್ಟ ಒಂದು ಕೋಟಿ ಬಹುಮಾನದಲ್ಲಿ 20 ಲಕ್ಷವನ್ನು ಆಟಗಾರರು ಆ ಸಂತ್ರಸ್ತರಿಗೆ ಕೊಟ್ಟರು.

ಅಲ್ಲಿಂದ ತಂಡ ನೇರ ಬೆಂಗಳೂರಿಗೆ ಬಂತು. ಕಂಠೀರವದಲ್ಲಿ ದಕ್ಷಿಣ ಏಷ್ಯಾದ ಸ್ಯಾಫ್ ಚಾಂಪಿಯನ್‌ಷಿಪ್. ಅದು ನಮ್ಮ ಭಾಗದ ದೇಶಗಳ ಪಂದ್ಯಾವಳಿ, ಆದರೆ ಆ ವರ್ಷ ಹೊರಗಿನ ಇಬ್ಬರನ್ನು ಅತಿಥಿಗಳಾಗಿ ಕರೆದಿದ್ದರು: ಲೆಬನಾನ್, ಕುವೈತ್. ಅಪ್ಪನ ಮಾತಿನ ಹಾಗೆ, ಗಟ್ಟಿ ತಂಡ ಎದುರಿಗಿದ್ದರೆ ತಾನೇ ನಮ್ಮವರು ಗಟ್ಟಿಯಾಗುವುದು.

ಫೈನಲ್ ಜುಲೈ 4, ಮಂಗಳವಾರ. ನಾನು ಅಷ್ಟೊತ್ತಿಗೆ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ್ದೆ. ತಂಗಿಯನ್ನು ರಾತ್ರಿ ಬಸ್ಸಿಗೆ ಕರೆಸಿಕೊಂಡೆ. ಐದು ವರ್ಷದ ಹಿಂದೆ ಗೋಡೆಯ ಗೂಡಿನಲ್ಲಿಟ್ಟ ಮೊಬೈಲಿನಲ್ಲಿ ನೋಡಿದವರನ್ನು ಆವತ್ತು ಕಣ್ಣೆದುರು ನೋಡಿದೆವು. ಕುವೈತ್ ಮೊದಲು ಗೋಲು ಹೊಡೆಯಿತು. ಛಾಂಗ್ಟೆ ಸಮ ಮಾಡಿದರು. ಹೆಚ್ಚಿನ ಸಮಯ ಕೊಟ್ಟರೂ 1-1. ಕೊನೆಗೆ ಪೆನಾಲ್ಟಿ ಹೊಡೆತ. ಕುವೈತ್‌ನ ಕೊನೆಯ ಹೊಡೆತವನ್ನು ಗೋಲ್‌ಕೀಪರ್ ಗುರ್‌ಪ್ರೀತ್ ಹಾರಿ ತಡೆದರು. 5-4. ಇಡೀ ಕಂಠೀರವ ಎದ್ದು ನಿಂತಿತ್ತು. ನನ್ನ ಗಂಟಲು ಬಿದ್ದುಹೋಗಿತ್ತು.

ತಂಗಿ ಕೂಗಲಿಲ್ಲ. ಮೈದಾನವನ್ನೇ ನೋಡುತ್ತ ನಿಂತಿದ್ದಳು. ವಾಪಸ್ ಬರುವಾಗ ಬಸ್ಸಿನಲ್ಲಿ ‘ಅಣ್ಣಾ, ಅಲ್ಲಿ ನಿಂತು ಆಡುವಾಗ ನಾವು ಅವ್ರಿಗೆ ಕಾಣಸ್ತೀವೇನ?’ ಎಂದು ಕೇಳಿದಳು. ‘ಕಾಣುದಿಲ್ಲ, ಕೇಳಸ್ತೀವಿ’ ಎಂದೆ. ಅವಳು ಅದಕ್ಕೆ ಏನೂ ಅನ್ನಲಿಲ್ಲ.

ಕಥೆಯನ್ನು ಇಲ್ಲಿಗೇ ಮುಗಿಸಿದರೆ ಚೆಂದ ಇತ್ತು. ಜನ ಬಂದರು, ತಂಡ ಗೆದ್ದಿತು ಅಂತ. ಆದರೆ ಹಾಗಾಗಲಿಲ್ಲ. 2024ರ ಜನವರಿಯ ಏಷ್ಯಾ ಕಪ್‌ನಲ್ಲಿ ಭಾರತ ಮೂರು ಪಂದ್ಯ ಆಡಿ ಮೂರೂ ಸೋತಿತು, ಒಂದು ಗೋಲೂ ಹೊಡೆಯಲಿಲ್ಲ. ಜೂನ್ 6ರಂದು ಕೋಲ್ಕತ್ತಾದಲ್ಲಿ ಕುವೈತ್ ಎದುರು ಗೋಲಿಲ್ಲದ ಪಂದ್ಯ ಆಡಿ ಛೆಟ್ರಿ ನಿವೃತ್ತಿ ಹೇಳಿದರು. 151 ಅಂತಾರಾಷ್ಟ್ರೀಯ ಪಂದ್ಯ, 94 ಗೋಲು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಹೈದರಾಬಾದ್‌ನಲ್ಲಿ ನಡೆದ ಇಂಟರ್‌ಕಾಂಟಿನೆಂಟಲ್ ಕಪ್‌ನಲ್ಲಿ ಸಿರಿಯಾ ನಮ್ಮನ್ನು 3-0ರಿಂದ ಸೋಲಿಸಿ ಕಪ್ ಒಯ್ದಿತು. ಗೋಲು ಹೊಡೆಯುವವರು ಸಿಗದೆ, 2025ರ ಮಾರ್ಚ್‌ನಲ್ಲಿ 40 ವರ್ಷದ ಛೆಟ್ರಿಯನ್ನೇ ಮತ್ತೆ ಕರೆಯಬೇಕಾಯಿತು.

ಅಂದರೆ ನಾವು ಹೋಗಿ ಕೂಗಿದ ಮಾತ್ರಕ್ಕೆ ಗೆಲ್ಲುವುದಿಲ್ಲ. ಚಿಕ್ಕ ಮಕ್ಕಳಿಗೆ ಮೈದಾನ ಬೇಕು, ಕಲಿಸುವವರು ಬೇಕು, ವರ್ಷವಿಡೀ ಆಡಲು ಪಂದ್ಯ ಬೇಕು. ಅದೆಲ್ಲ ಇಲ್ಲದೆ ಗ್ಯಾಲರಿ ತುಂಬಿಸಿ ಪ್ರಯೋಜನ ಏನು ಅಂತ ನೀವು ಕೇಳಬಹುದು. ನಾನೂ ಕೇಳಿಕೊಂಡಿದ್ದೇನೆ.

ನನಗೆ ಹೊಳೆದದ್ದು ಇಷ್ಟು. ನೋಡಲು ಹೋಗುವುದನ್ನು ನಾವು ಗೆದ್ದವರಿಗೆ ಕೊಡುವ ಬಹುಮಾನ ಅಂದುಕೊಂಡಿದ್ದೇವೆ. ಚೆನ್ನಾಗಿ ಆಡಲಿ, ಆಮೇಲೆ ಹೋದರಾಯಿತು ಅಂತ. ಅದು ಬಹುಮಾನ ಅಲ್ಲ, ಮುಂಗಡ. ಬಿತ್ತುವ ಮುಂಚೆ ಬೀಜಕ್ಕೆ ದುಡ್ಡು ಹಾಕಿದ ಹಾಗೆ. ಬೆಳೆ ಬರಬಹುದು, ಬಾರದೆಯೂ ಇರಬಹುದು. ಆದರೆ ಬೀಜಕ್ಕೇ ದುಡ್ಡು ಹಾಕದವನು ಬೆಳೆ ಬರಲಿಲ್ಲ ಅಂತ ದೂರುವಂತಿಲ್ಲ. ಛೆಟ್ರಿ ಆ ವಿಡಿಯೊದಲ್ಲಿ ಕೇಳಿದ್ದು ಈ ಮುಂಗಡವನ್ನು. ತಂಗಿ ಬಾಗಿಲ ಹತ್ತಿರ ನಿಂತು ಕೇಳಿದ್ದೂ ಅದನ್ನೇ.

ತಂಗಿ ಈಗ ಡಿಗ್ರಿ ಮುಗಿಸಿದ್ದಾಳೆ. ಮನೆಯಲ್ಲಿ ಮದುವೆ ಮಾತು ನಡೆದಿದೆ. ಕಳೆದ ವರ್ಷದಿಂದ ಸಂಜೆ ಹೊತ್ತು ಶಾಲೆಯ ಹಿಂದಿನ ಬಯಲಲ್ಲಿ ಹತ್ತು ಹನ್ನೆರಡು ಹುಡುಗಿಯರನ್ನು ಆಡಿಸುತ್ತಾಳೆ. ಕಲ್ಲಿನ ಗೋಲೇ. ಅವಳ ಮದುವೆಯಾದ ಮೇಲೆ ಅವರನ್ನು ಯಾರು ಆಡಿಸುತ್ತಾರೆ ಅನ್ನುವುದಕ್ಕೆ ನಮ್ಮ ಯಾರ ಹತ್ತಿರವೂ ಉತ್ತರ ಇಲ್ಲ.

ಈ ಸಲದ ಜಾತ್ರೆಯ ಕಮಿಟಿ ಸಭೆಯಲ್ಲಿ ಅವಳೇ ಹೋಗಿ ಕೇಳಿದಳು, ಹುಡುಗಿಯರದ್ದೂ ಒಂದು ಫುಟ್‌ಬಾಲ್ ಪಂದ್ಯ ಇಡಿ ಅಂತ. ‘ಯಾರ ನೋಡ್ತಾರವಾ?’ ಎಂದರು ಒಬ್ಬರು. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಪಕ್ಕದ ಊರಿನ ಹುಡುಗ್ಯಾರನ್ನ ಕರಿಯೂಣ. ಆಡಾಕ ಎದುರಿಗೆ ಯಾರರೆ ಬೇಕಲ್ಲ’ ಎಂದನಂತೆ. ಒಪ್ಪಿದರು. ಸಮಯ ಮಾತ್ರ ಮಧ್ಯಾಹ್ನ ಎರಡೂವರೆ ಕೊಟ್ಟರು. ಪ್ರಸಾದ ಉಂಡು ಊರೆಲ್ಲ ಮಲಗುವ ಹೊತ್ತು ಅದು. ಒಂದು ಕಾಲಕ್ಕೆ ನಾನೂ ಮಲಗಿದ ಹೊತ್ತು.

ಹ್ಯಾಂಡ್‌ಬಿಲ್‌ನ ಕರಡು ತಿದ್ದಲು ಪ್ರೆಸ್‌ನವರು ನನಗೇ ವಾಟ್ಸ್‌ಆ್ಯಪ್ ಮಾಡಿದ್ದರು. ದೇಣಿಗೆ ಕೊಟ್ಟವರ ಹೆಸರು ಜಾಸ್ತಿಯಾಗಿ ಜಾಗ ಸಾಲುತ್ತಿಲ್ಲ, ಯಾವುದಾದರೂ ಒಂದು ಸಾಲು ತೆಗೆಯಿರಿ ಎಂದರು. ನಾನು ಅಕ್ಷರ ಸಣ್ಣದು ಮಾಡಿಸಿದೆ, ಸಾಲು ತೆಗೆಯಲಿಲ್ಲ.

ನಿಮ್ಮೂರ ಹ್ಯಾಂಡ್‌ಬಿಲ್‌ನಲ್ಲೂ ಇಂಥ ಒಂದು ಸಾಲು ಕೆಳಗೆಲ್ಲೋ ಇರಬಹುದು, ನೋಡಿ. ಹುಡುಗಿಯರ ಖೋಖೋ ಇರಬಹುದು, ಶಾಲೆ ಮಕ್ಕಳ ಕಬಡ್ಡಿ ಇರಬಹುದು. ಹೋಗಿ ನಿಂತುಕೊಳ್ಳಿ. ಚೆನ್ನಾಗಿ ಆಡದಿದ್ದರೆ ಬೈಯಿರಿ, ಪರವಾಗಿಲ್ಲ.

ನಮ್ಮಲ್ಲಿಗೆ ಬರುವವರು ಬಂದರೆ ಬಹಳ ಸಂತೋಷ. ಬಿಸಿಲು ಜೋರು ಇರುತ್ತದೆ, ತಲೆಗೆ ಟವೆಲ್ ಹಾಕಿಕೊಂಡು ಬರ್ರಿ. ನಾನು ಬೇವಿನ ಮರದ ಹಿಂದೆ ಇರುತ್ತೇನೆ. ಅವ್ವ ಗೆರೆಯ ಹತ್ತಿರ ಕೂತಿರುತ್ತಾಳೆ, ಸ್ವಲ್ಪ ದೂರ ಇರ್ರಿ.